ಪಾರ್ಕಿಂಗಿನಲ್ಲೊಂದು ಆಫೀಸು

ಮಗ ಮನೆಯಲ್ಲಿ ಕೂತಿರುವುದಕ್ಕಿಂತ ಜೈಲಿನಲ್ಲಿ ಕೂತಿದ್ದರೆ ನನ್ನ ಮಾವ ರಾಘಣ್ಣನವರಿಗೆ ನಾಲ್ಕು ಜನರೆದುರು ಹೇಳಿಕೊಳ್ಳಲು ಸುಲಭವಾಗುತ್ತಿತ್ತೇನೋ. ಜೈಲಾದರೆ, ಮೇಲಿನ ಕೋರ್ಟಿಗೆ ಹೋಗಿದ್ದೇವೆ ಎನ್ನಬಹುದು. ಮಗ ಕೂಸಿನ ಅಂಗಿ ಒಗೆಯುತ್ತಾನೆ ಎಂಬುದಕ್ಕೆ ಯಾವ ಕೋರ್ಟು?

ಲೆಕ್ಕ ಹಾಕಿದ್ದು ನಾನು ಮತ್ತು ಗಂಡ ಅಮೇಯ, ಸದಾಶಿವ ಪೇಠದ ಈ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಕೂತು. ಔಷಧ ಕಂಪನಿಯಲ್ಲಿ ನನ್ನ ಸಂಬಳ ಅವನದರ ದುಪ್ಪಟ್ಟು. ಅವನ ಸಂಬಳದಲ್ಲಿ ಡೇ ಕೇರಿನ ಫೀ, ದಿನಾ ಯೆರವಡಾದ ಆಫೀಸಿಗೆ ಹೋಗಿಬರುವ ಖರ್ಚು ಕಳೆದರೆ ಉಳಿಯುತ್ತಿದ್ದುದು ಅಷ್ಟಕ್ಕಷ್ಟೇ. ಕಾರು ಮಾರಿದೆವು, ಸ್ಕೂಟರ್ ಉಳಿಸಿಕೊಂಡೆವು. ಅವನು ಕೆಲಸ ಬಿಟ್ಟು ಮಗಳು ಮುಕ್ತಾಳನ್ನು ನೋಡಿಕೊಳ್ಳತೊಡಗಿದ. ಅದು ನಮ್ಮ ಕಿಸೆಗೆ ನಿಲುಕಿತು, ಮಾವನ ಮೀಸೆಗೆ ನಿಲುಕಲಿಲ್ಲ.

ಬೆಳಗಾವಿಯಲ್ಲಿ ಮೂವತ್ತು ವರ್ಷ ಹೆಡ್ ಕ್ಲಾರ್ಕ್ ಆಗಿದ್ದವರು. ಆ ಮೂವತ್ತು ವರ್ಷದಲ್ಲಿ ಒಮ್ಮೆಯೂ ತಮ್ಮ ಚಹಾದ ಕಪ್ಪು ತಾವೇ ಎತ್ತಿಟ್ಟವರಲ್ಲ. ಅತ್ತೆ ತೀರಿಕೊಂಡ ಮೇಲೆ ಮಗಳು ಪೂರ್ವಾಳ ಜೊತೆ ನಮ್ಮಲ್ಲಿಗೆ ಬಂದರು, ಬಂದ ವಾರದಲ್ಲೇ ಕಟ್ಟಡಕ್ಕೆಲ್ಲ ಡಂಗುರ ಹೊಡೆದರು: ಮಗನದು ಅಮೆರಿಕದ ಕಂಪನಿ, ರಾತ್ರಿ ಪಾಳಿ. ಆಮೇಲೆ ಅವನು ಮಗುವನ್ನು ಕೆಳಗೆ ಆಡಿಸಲು ಹೊರಟಾಗಲೆಲ್ಲ ಹಳೆಯ ಐಡಿ ಕಾರ್ಡಿನ ನೀಲಿ ಪಟ್ಟಿಯನ್ನು ಕೊರಳಿಗೆ ಹಾಕಿ ಕಳಿಸತೊಡಗಿದರು. ಕಾರ್ಡನ್ನು ಕಂಪನಿ ವಾಪಸು ಇಸಿದುಕೊಂಡಿತ್ತು. ಪಟ್ಟಿಯ ತುದಿಯ ಖಾಲಿ ಪ್ಲಾಸ್ಟಿಕ್ ಚೀಲದಲ್ಲಿ ಮಾವ ತಮ್ಮ ಹಿರಿಯ ನಾಗರಿಕರ ಬಸ್ ಪಾಸನ್ನು ತಿರುವಿ ಹಾಕಿದ್ದರು.

"ಯಾರ ತಿರಿವಿ ನೋಡ್ತಾರ?" ಎನ್ನುತ್ತಿದ್ದರು.

ಅಮೇಯ ನಕ್ಕು ಹಾಕಿಕೊಳ್ಳುತ್ತಿದ್ದ. ನಾನೂ ನಗುತ್ತಿದ್ದೆ. ಮಾವನಂಥ ಮುದುಕರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಆದರೆ ನನ್ನ ಆಫೀಸಿನಲ್ಲಿ ಯಾರಾದರೂ "ಮಗುವನ್ನು ಯಾರು ನೋಡಿಕೊಳ್ತಾರೆ?" ಎಂದು ಕೇಳಿದರೆ ನಾನು ಕೊಡುತ್ತಿದ್ದ ಉತ್ತರ ಬೇರೆಯೇ ಇತ್ತು: ಕೂಸು ನೋಡಿಕೊಳ್ಳುವ ಕೆಲಸದ ಮಾವಶಿ ಒಬ್ಬಳು ಬರುತ್ತಾಳೆ, ಭಾಳ ಒಳ್ಳೆಯವಳು.

ಪೂರ್ವಾಳನ್ನು ನೋಡಲು ದೇಹೂ ರೋಡಿನಿಂದ ಗಂಡಿನ ಕಡೆಯವರು ಬರುವುದು ಶುಕ್ರವಾರ ಎಂದು ಗೊತ್ತಾದಾಗ ಮಾವ ದೊಡ್ಡದೊಂದು ಏರ್ಪಾಡು ಮಾಡಿದರು. ಅಮೇಯ ಮೂರೂವರೆಗೆ ಇಸ್ತ್ರಿ ಅಂಗಿ ತೊಟ್ಟು, ಬ್ಯಾಗು ಹಿಡಿದು ಕೆಳಗೆ ಹೋಗಬೇಕು. ಐದೂವರೆಗೆ ಆಫೀಸಿನಿಂದ ಬಂದವನ ಹಾಗೆ ಮೇಲೆ ಬರಬೇಕು. ಗಂಡಿನ ಕಡೆಯವರ ಮಟ್ಟಿಗೆ ಅವನದು ಹಗಲು ಪಾಳಿ.

"ಅಲ್ಲೀತನಕಾ ಎಲ್ಲಿರಲಿ ಅಪ್ಪಾ?"

"ಪಾರ್ಕಿಂಗನ್ಯಾಗ ಕೂಡು. ತಂಗೀ ಸಲುವಾಗಿ ಎರಡು ತಾಸು ಆಗೂದಿಲ್ಲೇನ ನಿನ್ನ ಕಡೆ?"

ಅಮೇಯ ನನ್ನ ಮುಖ ನೋಡಿದ. ಬೇಡ ಎಂದು ನಾನು ಹೇಳಲಿ ಎಂದು ಕಾಯುತ್ತಿದ್ದ, ಅದು ನನಗೆ ಗೊತ್ತಿತ್ತು. ಇದೊಂದು ದಿನ ಕಳೆದುಹೋಗಲಿ ಎಂದುಕೊಂಡು ನಾನೇ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ.

ನಾಲ್ಕಕ್ಕೆ ಗಂಡಿನ ತಾಯಿ ಗೋದಕ್ಕ ಮಗ ಋಷಿಕೇಶನನ್ನು ಕರೆದುಕೊಂಡು ಬಂದರು. ಉಪ್ಪಿಟ್ಟು, ಶಿರಾ ಕೊಟ್ಟು ಕೂತೆವು. ಮಾವ ಅಮೆರಿಕದ ಕಂಪನಿಯ ಪುರಾಣ ಶುರು ಮಾಡಿದರು. ಬರಬರುತ್ತ ಆ ಕಂಪನಿ ಅಮೇಯನಿಲ್ಲದೆ ನಡೆಯುವುದೇ ಇಲ್ಲ ಎನ್ನುವವರೆಗೆ ಹೋಯಿತು. ಅಷ್ಟರಲ್ಲಿ ಮುಕ್ತಾ ನಿದ್ದೆಯಿಂದ ಎದ್ದಳು. ಅಪ್ಪ ಕಾಣಲಿಲ್ಲ. ಕಿರುಚತೊಡಗಿದಳು.

ಎತ್ತಿಕೊಂಡೆ, ಒದ್ದಳು. ಬಾಟಲಿಯಲ್ಲಿ ಹಾಲು ಕೊಟ್ಟೆ, ಎಸೆದಳು. ಎದ್ದ ಕೂಡಲೇ ಅವಳಿಗೆ ಬಾಳೆಹಣ್ಣು ಕಿವುಚಿದ ಹಾಲು ಬೇಕು, ಅದೂ ಸ್ಟೀಲ್ ಬಟ್ಟಲಲ್ಲಿ ಎಂಬುದು ಆಮೇಲೆ ನನಗೆ ತಿಳಿಯಿತು. ಹೆತ್ತವಳು ನಾನು, ಗೊತ್ತಿರಲಿಲ್ಲ. ಮಾವ "ಬಾ ಪುಟ್ಟಿ" ಎಂದು ಕೈಚಾಚಿದರು, ಆಮೇಲೆ ಕಿವಿ ಮುಚ್ಚಿಕೊಂಡರು. "ಅಪ್ಪಾ, ಅಪ್ಪಾ" ಎಂದು ಅವಳು ಬಾಗಿಲಿನ ಕಡೆಗೇ ಕೈ ಮಾಡುತ್ತಿದ್ದಳು.

ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡಿದೆ. ಅಮೇಯ ಸ್ಕೂಟರಿನ ಮೇಲೆ ಕೂತಿದ್ದ, ತೊಡೆಯ ಮೇಲೆ ಹೆಲ್ಮೆಟ್. ಮಗಳ ಅಳು ಅವನಿಗೆ ಕೇಳಿಸುತ್ತಿತ್ತು. ತಲೆಯೆತ್ತಿ ನೋಡಿದ. ಬಾ ಎಂದು ನಾನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಕಿಟಕಿಯಿಂದ ಸರಿದು ಒಳಗೆ ಬಂದೆ.

"ತಾಯೀ ಹಂತ್ಯಾಕನೂ ಬರವಲ್ದಲ್ಲ ಕೂಸು," ಗೋದಕ್ಕ ಎಂದರು. "ಹಗಲೆಲ್ಲಾ ಯಾರ ನೋಡ್ಕೋತಾರ ಇದನ್ನ?"

ಮಾವ ನನ್ನತ್ತ ನೋಡಿದರು. ನನಗೆ ತಡವರಿಸುವ ಪ್ರಸಂಗವೇ ಬರಲಿಲ್ಲ, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಒಬ್ಬಾಕಿ ಮಾವಶಿ ಬರ್ತಾಳ್ರಿ. ಇವತ್ತ ರಜಾ ತಗೊಂಡಾಳ. ಕೂಸು ಆಕೀಗೆ ಭಾಳ ಹೊಂದ್ಯದ."

"ಎಷ್ಟ ಕೊಡ್ತೀರಿ?"

"ಹನ್ನೆರಡು ಸಾವಿರ."

"ಅಡ್ಡಿ ಇಲ್ಲ! ನಮ್ಮ ಮಗಳೂ ಅಂಥಾಕೀನ್ನ ಹುಡುಕಾಕತ್ಯಾಳ. ಆಕಿ ನಂಬರ್ ಕೊಡ್ರಿ, ಪರಿಚಯದವರು ಇದ್ರ ಹೇಳ್ಯಾಳು." ಗೋದಕ್ಕ ಫೋನು ತೆಗೆದರು.

ಮಾವ ಫ್ಯಾನನ್ನು ನೋಡುತ್ತ ಕೂತರು. ನಾನು ನಂಬರ್ ಹುಡುಕುವವಳ ಹಾಗೆ ಫೋನು ತಿರುವಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅಮೇಯ ನಿಂತಿದ್ದ. ಐದೂ ಆಗಿರಲಿಲ್ಲ. ಅರ್ಧ ತೆರೆದ ಬಾಗಿಲ ಹೊರಗೆ ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಲ್ಲ ಕೇಳಿಸಿಕೊಂಡಿದ್ದ. ಮುಕ್ತಾ ನನ್ನ ಕೈಯಿಂದ ಜಾರಿ ಓಡಿದಳು. ಎತ್ತಿಕೊಂಡ ಕ್ಷಣವೇ ಅಳು ನಿಂತಿತು. ಅವಳು ಅವನ ಕೊರಳಿನ ಬಸ್ ಪಾಸನ್ನು ಬಾಯಿಗಿಟ್ಟುಕೊಂಡಳು.

"ಬರ್ಕೋರಿ," ಎಂದು ಅಮೇಯ ಹತ್ತು ಅಂಕಿ ಹೇಳಿದ.

ಗೋದಕ್ಕ ಒತ್ತಿಕೊಂಡರು. "ಹೆಸರೇನು ಆಕೀದು?"

"ಅಮೇಯ."

ಗೋದಕ್ಕನ ಬೆರಳು ನಿಂತಿತು. ತಮಾಷೆ ಎಂದುಕೊಂಡು ಋಷಿಕೇಶ ನಕ್ಕ.

"ನಮ್ಮಂವಾ ಚ್ಯಾಷ್ಟಿ ಭಾಳ ಮಾಡ್ತಾನ್ರಿ," ಎಂದರು ಮಾವ.

"ಚ್ಯಾಷ್ಟಿ ಅಲ್ಲ ಅಪ್ಪಾ. ಹನ್ನೊಂದು ತಿಂಗಳಾತು ಕೂಸು ನೋಡ್ಕೊಳ್ಳಾಕ ಹತ್ತಿ. ನಂಗ ಇದರಾಗ ನಾಚಿಕಿ ಇಲ್ಲ."

ಪೂರ್ವಾ ಎದ್ದು ಅಣ್ಣನ ಕೈಯಿಂದ ಬ್ಯಾಗು ತೆಗೆದುಕೊಂಡಳು. "ಖರೇನ ಅದ್ರಿ," ಎಂದು ಗೋದಕ್ಕನಿಗೆ ಹೇಳಿದಳು. ಅವಳಿಗಿದ್ದ ಧೈರ್ಯದಲ್ಲಿ ಕಾಲು ಭಾಗವೂ ನನಗಿರಲಿಲ್ಲ.

ಅಮೇಯ ಅಪ್ಪನ ಮೇಲೆ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿದ.

"ಹನ್ನೆರಡು ಸಾವಿರ ಅಂದ್ಯಲ್ಲ ನೀಲೂ," ಎಂದ ಮೆಲ್ಲಗೆ. "ಅಷ್ಟಽ ಏನು?"

ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಳೆಹಣ್ಣು ಕಿವುಚಲು ಒಳಗೆ ಹೋದ. ಮಾವ ಸುಳ್ಳು ಹೇಳಿ ಮಗನನ್ನು ಸಾಹೇಬನನ್ನಾದರೂ ಮಾಡಿದ್ದರು. ನಾನು ಅವನನ್ನು ರಜೆ ಹಾಕಿದ ಮಾವಶಿ ಮಾಡಿದ್ದೆ. ಇಷ್ಟು ದಿನ ನಾನು ಆ ಮುದುಕನನ್ನು ನೋಡಿ ನಗುತ್ತಿದ್ದೆ.