ಹಾಸು ಒಗೆದ ದಿನ

ಪರದೆ ಹೊಲಿದು ಬದುಕುತ್ತಿದ್ದ ಅವಳಿಗೆ ಇಲಿ ಎಂದರೆ ಪ್ರಾಣಭಯ. ಚಿಕ್ಕವಳಿದ್ದಾಗ ಬಟ್ಟೆ ಗೋದಾಮಿನಲ್ಲಿ ಒಂದು ಸುರುಳಿಯೊಳಗೆ ಕೈ ಹಾಕಿದ್ದಳು. ಒಳಗಿದ್ದದ್ದು ತೋಳು ಹತ್ತಿ, ಕುತ್ತಿಗೆ ಬಳಸಿ, ಬೆನ್ನಿನ ಮೇಲಿಂದ ಇಳಿದು ಹೋಗಿತ್ತು. ಆವತ್ತಿನಿಂದ ಬಾಲವಿರಲಿ ಬಿಡಲಿ, ಮುಂದಿನ ಎರಡು ಹಲ್ಲು ತೋರಿಸುವ ಯಾವ ಪ್ರಾಣಿ ಕಂಡರೂ ಅವಳ ಮೈ ಜುಮ್ಮೆನ್ನುತ್ತಿತ್ತು. ಅಂಥವಳು ಮದುವೆಯಾಗಿ ಬಂದ ಮನೆಯ ನಡುಕೋಣೆಯಲ್ಲಿ ಇಲಿಯದೇ ಜಾತಿಯ, ಬಾಲವಿಲ್ಲದ ಎರಡು ಗಿನಿಪಿಗ್‌ಗಳಿದ್ದವು.

ಗಂಡ ಲಿಫ್ಟ್ ರಿಪೇರಿಯವನು. ಅವನ ಮೊದಲ ಹೆಂಡತಿ ತೀರಿಕೊಂಡಿದ್ದಳು. ಮಗಳಿಗೆ ಒಂಬತ್ತು ವರ್ಷ. ಅಪ್ಪ ಅವಳನ್ನು ಗುಬ್ಬಿ ಅಂತ ಕರೆಯುತ್ತಿದ್ದ. ತಾಯಿ ಹೋದ ಮೇಲೆ ಮಾತೇ ಬಿಟ್ಟಿದ್ದ ಮಗುವಿಗೆ ಅವನು ಈ ಜೋಡಿಯನ್ನು ತಂದುಕೊಟ್ಟಿದ್ದ. ಕಪ್ಪನೆಯದರ ಹೆಸರು ಮಸಿ. ಅದು ಧೈರ್ಯಸ್ಥೆ, ಸೊಪ್ಪಿನ ಕವರ್ ಸರಪರ ಅಂದರೆ ಸಾಕು, ಮನೆ ಹಾರಿಹೋಗುವ ಹಾಗೆ ಸಿಳ್ಳೆ ಹಾಕುತ್ತಿತ್ತು. ತಿಳಿಹಳದಿ ಬಣ್ಣದ್ದು ಬೆಣ್ಣೆ. ಅದು ಶುದ್ಧ ಪುಕ್ಕಲು. ಯಾರಾದರೂ ಕೆಮ್ಮಿದರೂ ಹೋಗಿ ಎಲ್ಲಿಯಾದರೂ ಅಡಗುತ್ತಿತ್ತು. ಗುಬ್ಬಿ ಮನೆಯಲ್ಲಿ ಹೆಚ್ಚು ಮಾತಾಡುತ್ತಿದ್ದದ್ದು ಇವೆರಡರ ಜೊತೆಗೇ. ಹೊಸಬಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದಳು, 'ನೀವು' ಎನ್ನುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜಗಳವಿಲ್ಲ, ಸಲಿಗೆಯೂ ಇಲ್ಲ.

ಚಿಕ್ಕಮ್ಮ ಅವುಗಳ ಗೂಡಿನ ಪಕ್ಕ ಹಾಯುವಾಗ ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದಳು. ಹುಡುಗಿಯ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

ಗೂಡಿಗೆ ಮೊದಲು ಮರದ ಹೊಟ್ಟು ಹಾಸುತ್ತಿದ್ದರು. ಅದರ ಧೂಳಿಗೆ ಬೆಣ್ಣೆ ಸೀನಲು ಶುರುಮಾಡಿತು. ಪ್ರಾಣಿಗಳ ಡಾಕ್ಟರಮ್ಮ ನೋಡಿ, "ಹೊಟ್ಟು ಬಿಡಿ, ಬಟ್ಟೆ ಹಾಸಿ. ಆದರೆ ಸಿಕ್ಕಿದ ಬಟ್ಟೆ ಅಲ್ಲ" ಅಂದರು. ಆವತ್ತು ಗುಬ್ಬಿ ಮೊದಲ ಸಲ ತಾನಾಗಿಯೇ ಹೊಲಿಗೆ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಚಿಕ್ಕಮ್ಮ, ಯಾವ ಬಟ್ಟೆ ಆಗುತ್ತೆ?"

ಬಟ್ಟೆಯ ವಿಷಯದಲ್ಲಿ ಚಿಕ್ಕಮ್ಮನಿಗೆ ಯಾವ ಭಯವೂ ಇರಲಿಲ್ಲ. ಮೇಜಿನ ಮೇಲೆ ತುಂಡುಗಳನ್ನು ಹರವಿ ಒಂದೊಂದರ ಮೇಲೂ ನೀರು ಚಿಮುಕಿಸಿದಳು. ಹತ್ತಿಬಟ್ಟೆ ನೀರನ್ನು ಕುಡಿದು ಅಲ್ಲೇ ಇಟ್ಟುಕೊಂಡಿತು. "ಇದರ ಮೇಲೆ ಕೂತರೆ ಅವುಗಳ ಅಂಗಾಲು ಯಾವಾಗಲೂ ಒದ್ದೆ, ಹುಣ್ಣಾಗುತ್ತೆ." ಟವೆಲ್ಲಿನ ದಾರದ ಕುಣಿಕೆಗಳನ್ನು ಉಗುರಿನಿಂದ ಎಬ್ಬಿಸಿ ತೋರಿಸಿದಳು. "ಇದರಲ್ಲಿ ಉಗುರು ಸಿಕ್ಕಿಕೊಳ್ಳುತ್ತೆ." ಕೊನೆಗೆ ಉಳಿದದ್ದು ಚಳಿಗಾಲದ ಜಾಕೆಟ್ಟಿನ ಒಳಗಿರುವ ಮೆತ್ತನೆಯ ಫ್ಲೀಸ್. ಅದರ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಯಾಗಿ ನಿಂತಿತು. ಗುಬ್ಬಿಯ ಮುಖ ಬಾಡಿತು.

"ತಾಳು, ಹೊಸದರ ಮೇಲೆ ಒಂದು ಜಿಡ್ಡು ಇರುತ್ತೆ. ಬಿಸಿನೀರಲ್ಲಿ ನಾಲ್ಕಾರು ಸಲ ಒಗೆದರೆ ಹೋಗುತ್ತೆ. ಆಮೇಲೆ ನೀರು ಮೇಲೆ ನಿಲ್ಲಲ್ಲ, ಕೆಳಕ್ಕೆ ಇಳಿಯುತ್ತೆ. ಕೆಳಗೆ ನೀರು ಹೀರೋ ದಪ್ಪ ಬಟ್ಟೆ ಕೊಟ್ಟು ಹೊಲಿದರೆ ಮೇಲೆ ಒಣ, ಕೆಳಗೆ ಒದ್ದೆ. ಮಕ್ಕಳ ಹಾಸಿಗೆ ಇದ್ದ ಹಾಗೆ."

ಹಾಗೆಯೇ ಮಾಡಿದರು. ಬಟ್ಟೆ ಮೃದುವಾಗಲೆಂದು ಹಾಕುವ ಪರಿಮಳದ ದ್ರವ ಬೇಡವೆಂದು ಚಿಕ್ಕಮ್ಮ ಮೊದಲೇ ಹೇಳಿದ್ದಳು; ಅದು ಮತ್ತೆ ಜಿಡ್ಡು ಕಟ್ಟುತ್ತದೆ, ಸೀನುವ ಬೆಣ್ಣೆಗೆ ವಾಸನೆಯೂ ಆಗದು. ಉಚ್ಚೆಯ ವಾಸನೆ ಹೋಗಲು ಒಂದಿಷ್ಟು ವಿನೆಗರ್ ಸಾಕು. ಹೊಲಿಯುವಾಗ ಅಂಚುಗಳನ್ನೆಲ್ಲ ಒಳಕ್ಕೆ ಮಡಚಿದಳು, ಒಂದೆಳೆ ದಾರವೂ ಹೊರಗೆ ಬಿಡಲಿಲ್ಲ. ಸಡಿಲ ದಾರ ಕಾಲಿಗೆ ಸುತ್ತಿದರೆ ಕಾಲೇ ಹೋಗುತ್ತದೆಂದು ಡಾಕ್ಟರಮ್ಮ ಹೆದರಿಸಿದ್ದರು. ಉಳಿದ ತುಂಡಿನಲ್ಲಿ ಒಂದು ಬದಿ ಮಾತ್ರ ತೆರೆದ ಚೀಲವೊಂದನ್ನೂ ಹೊಲಿದು ಹಾಸಿನ ಮೂಲೆಗೆ ಸೇರಿಸಿದಳು. ಪುಕ್ಕಲು ಬೆಣ್ಣೆ ಅದರೊಳಗೆ ಹೊಕ್ಕದ್ದೇ, ಅದೇ ಅದರ ಅರಮನೆಯಾಯಿತು.

ಕೆಲವು ತಿಂಗಳ ಮೇಲೆ ಒಂದು ವಾರ ಗಂಡ ಬೇರೆ ಊರಿಗೆ ಕೆಲಸಕ್ಕೆ ಹೋದ. ಹೊಸ ಕಟ್ಟಡ, ನಾಲ್ಕು ಲಿಫ್ಟು. "ನೀವಿಬ್ಬರೂ ಇರ್ತೀರಲ್ಲ" ಎಂದ, ಅದೇನೂ ದೊಡ್ಡ ವಿಷಯವಲ್ಲ ಎನ್ನುವಂತೆ.

ಒಗೆಯುವ ದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಗುಬ್ಬಿ ಎರಡನ್ನೂ ಎತ್ತಿ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಬಿಡುತ್ತಿದ್ದಳು. ಆಮೇಲೆ ಹಾಸನ್ನು ಎತ್ತುವುದು ಚಿಕ್ಕಮ್ಮನ ಪಾಲು. ಅವಳು ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿ, ನಾಲ್ಕು ಮೂಲೆ ಒಟ್ಟುಮಾಡಿ ಎತ್ತುತ್ತಿದ್ದಳು. ಮೊದಲೆಲ್ಲ ಬಾಲ್ಕನಿಯಲ್ಲಿ ಒಮ್ಮೆ ಕೊಡವುತ್ತಿದ್ದಳು. ಕೆಳಮನೆಯಾಕೆ, "ನಮ್ಮ ಒಗೆದ ಬಟ್ಟೆ ಮೇಲೆಲ್ಲ ನಿಮ್ಮ ಹುಲ್ಲು, ನಾವೇನು ದನ ಕಟ್ಟಿದ್ದೀವಾ?" ಎಂದು ಕೇಳಿದ ಮೇಲೆ ಅದನ್ನು ನಿಲ್ಲಿಸಿದ್ದಳು. ಬದಲಿಗೆ ಜಿಪ್ ಇರುವ ದೊಡ್ಡ ಬಲೆಚೀಲ ಹೊಲಿದುಕೊಂಡಿದ್ದಳು. ಹಾಸನ್ನು ಅದರೊಳಗೆ ತುರುಕಿ ಜಿಪ್ ಎಳೆದರೆ ಹುಲ್ಲು, ಕೂದಲು ಯಾವುದೂ ಮೆಷಿನ್ನಿನ ಕೊಳವೆಗೆ ಹೋಗುವುದಿಲ್ಲ.

ಅಂದೂ ಹಾಗೇ ಮಾಡಿದಳು. ಒದ್ದೆ ಹಾಸು ಯಾವಾಗಲೂ ಭಾರವೇ. ಬಚ್ಚಲಮನೆಯ ಮೆಷಿನ್ನಿಗೆ ಹಾಕಿ, ಗಾಜಿನ ಬಾಗಿಲು ಒತ್ತಿ, ಬಿಸಿನೀರಿಗೆ ಗುಂಡಿ ತಿರುಗಿಸಿ, ಕೈ ತೊಳೆದು ಹೊಲಿಗೆಗೆ ಕೂತಳು.

ನಡುಕೋಣೆಯಲ್ಲಿ ಮಸಿ ಸಿಳ್ಳೆ ಹಾಕತೊಡಗಿತು. ಸೊಪ್ಪಿಗಾಗಿ ಹಾಕುವ ಸಿಳ್ಳೆಯಾಗಿರಲಿಲ್ಲ. ಸಣ್ಣಗೆ, ಬಿಟ್ಟುಬಿಟ್ಟು, ಯಾರನ್ನೋ ಕರೆದ ಹಾಗಿತ್ತು. ಸುಮ್ಮನಾಗುತ್ತದೆಂದು ನೋಡಿದಳು. ಆಗಲಿಲ್ಲ. ಎದ್ದು ಹೋಗಿ ದೂರದಿಂದಲೇ ಪೆಟ್ಟಿಗೆಯೊಳಗೆ ಇಣುಕಿದಳು.

ಒಂದೇ ಇತ್ತು.

ಪೆಟ್ಟಿಗೆಯ ಒಂದು ಮೂಲೆಯನ್ನು ಕಡಿದು ಕಡಿದು ಮುಷ್ಟಿ ಗಾತ್ರದ ತೂತು ಮಾಡಿದ್ದವು. ಅದರಿಂದ ಗೂಡಿನ ತೆರೆದ ಬಾಗಿಲಿಗೆ ಎರಡೇ ಗೇಣು. ಗೂಡು ಬರಿದಾಗಿತ್ತು. ಸೋಫಾದ ಕೆಳಗೆ ಇರಬಹುದು ಎಂದು ಅವಳ ಬಾಯಿ ಹೇಳುತ್ತಿತ್ತು, ಆದರೆ ಕಾಲು ಆಗಲೇ ಬಚ್ಚಲಮನೆಯ ಕಡೆ ಓಡುತ್ತಿತ್ತು. ಬೆಣ್ಣೆ ಹೆದರಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಹೊಲಿದವಳೇ ಅವಳು.

ಗಾಜಿನ ಹಿಂದೆ ಬಲೆಚೀಲ ನಿಧಾನವಾಗಿ ಮೇಲೇರಿ, ದೊಪ್ಪೆಂದು ಬಿದ್ದು, ಮತ್ತೆ ಏರುತ್ತಿತ್ತು. ನೊರೆ ಬರಲು ಶುರುವಾಗಿತ್ತು. ಗುಂಡಿ ಒತ್ತಿದಳು. ಮೆಷಿನ್ನು ನಿಂತಿತು, ಬಾಗಿಲು ತೆರೆಯಲಿಲ್ಲ. ಎಳೆದಳು. ಕಾಲಿನಿಂದ ಮೆಷಿನ್ನನ್ನು ಒದ್ದು ಹಿಡಿದು ಎಳೆದಳು. ಗಾಜಿಗೆ ಅಂಗೈ ಇಟ್ಟಳು. ಬೆಚ್ಚಗಾಗುತ್ತಿತ್ತು.

ಪ್ಲಗ್ ಕಿತ್ತು ಗಂಡನಿಗೆ ಫೋನ್ ಮಾಡಿದಳು. ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಬಾಗಿಲು, ನೀರು, ಬೆಣ್ಣೆ ಎಂದಷ್ಟೇ ಅವನಿಗೆ ಕೇಳಿಸಿತು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಜೊತೆ ಅವನು ಮಾತಾಡುವ ಒಂದು ದನಿ ಇತ್ತು, ಅವಸರವೇ ಇಲ್ಲದ್ದು. ಆ ದನಿಯಲ್ಲಿ ಮಾತಾಡಿದ.

"ಬಾಗಿಲು ಎಳೀಬೇಡ. ಎಳೆದಷ್ಟೂ ಕೊಂಡಿ ಬಿಗಿಯುತ್ತೆ. ಮೆಷಿನ್ನಿನ ಕೆಳಗೆ ಬಲಗಡೆ ಸಣ್ಣ ಮುಚ್ಚಳ ಇದೆ. ಚಮಚದ ಹಿಡಿ ಹಾಕಿ ಎಬ್ಬಿಸು."

"ಎಬ್ಬಿಸಿದೆ."

"ಒಳಗೆ ಒಂದು ಬಿರಡೆ. ಎಡಕ್ಕೆ ತಿರುಗಿಸು. ನೀರು ಬರುತ್ತೆ, ಬರಲಿ."

ನೀರು ನುಗ್ಗಿ ಅವಳ ಮಂಡಿ, ಸೀರೆ, ಬಚ್ಚಲಮನೆ ಎಲ್ಲ ತೋಯಿಸಿತು. ಉಗುರುಬೆಚ್ಚಗಿತ್ತು, ಸುಡುವಷ್ಟಿರಲಿಲ್ಲ. ಅಷ್ಟಕ್ಕೇ ಅವಳಿಗೆ ಅಳು ಬಂತು.

"ಈಗ ಅಲ್ಲೇ ಒಳಗಡೆ ಒಂದು ಪಟ್ಟಿ ಇರುತ್ತೆ. ಕೆಳಕ್ಕೆ ಎಳಿ."

ಟಕ್ ಎಂದಿತು. ಬಾಗಿಲು ತೆರೆದುಕೊಂಡಿತು.

"ಗುಬ್ಬಿ ಎಲ್ಲಿ?" ಎಂದು ಅವನು ಕೇಳಿದ.

"ಸ್ಕೂಲಲ್ಲಿ."

ಅವಳು ಫೋನನ್ನು ನೆಲಕ್ಕಿಟ್ಟಳು.

ರಬ್ಬರ್ ಬೆರಳಿಗೆ ಜಿಪ್ ಸಿಗಲಿಲ್ಲ. ಕೈಗವಸು ಕಿತ್ತೆಸೆದಳು. ಹಾಸನ್ನು ಹೊರಗೆ ಎಳೆದು ಮೂಲೆ ಹುಡುಕಿದಳು. ಮೂಲೆಯ ಚೀಲದ ತಳದಲ್ಲಿ ಒಂದು ಗಂಟು, ಒದ್ದೆ, ಭಾರ. ಮೇಲಿನಿಂದ ಒತ್ತಿದಳು. ಮಿಸುಕಲಿಲ್ಲ. ಬಟ್ಟೆ ಸುರುಳಿಯೊಳಗೆ ಕೈ ಹಾಕಿದ ಆ ಹಳೆಯ ಗಳಿಗೆ ತೋಳಿನ ಮೇಲೆ ಹರಿದ ಹಾಗಾಯಿತು. ಸತ್ತಿದ್ದರೆ ಎನ್ನುವ ಭಯ ಒಂದು ಕಡೆ, ಬದುಕಿದ್ದರೆ ಎನ್ನುವ ಭಯ ಇನ್ನೊಂದು ಕಡೆ. ಕಣ್ಣು ಮುಚ್ಚಿ ಬರಿಗೈಯನ್ನು ಒಳಗೆ ತೂರಿಸಿದಳು.

ಒದ್ದೆ ಕೂದಲು. ಅದರ ಕೆಳಗೆ ಎಲುಬು. ಅದರ ಕೆಳಗೆ, ಹೊಲಿಗೆ ಮೆಷಿನ್ನು ಓಡಿದ ಹಾಗೆ, ಒಂದು ಎದೆಬಡಿತ.

ಬೆಣ್ಣೆ ಅವಳ ಬೆರಳು ಕಚ್ಚಿತು. ಹಲ್ಲು ಆಳಕ್ಕೇ ಇಳಿಯಿತು. ಅವಳು ಬಿಡಲಿಲ್ಲ, ಎರಡೂ ಕೈಯಲ್ಲಿ ಹೊರಗೆ ತೆಗೆದು ಹೊಟ್ಟೆಗೆ ಒತ್ತಿಕೊಂಡಳು. "ಬದುಕಿದೆ" ಎಂದಳು. ನೆಲದ ಮೇಲಿನ ಫೋನಿನಿಂದ ಗಂಡ ಉಸಿರು ಬಿಟ್ಟದ್ದು ಕೇಳಿಸಿತು.

ಡಾಕ್ಟರಮ್ಮನಿಗೆ ಫೋನ್ ಮಾಡಿದಾಗ ಅವರು ಒಂದು ನಾಯಿಯ ಆಪರೇಷನ್ನಿಗೆ ಹೊರಟಿದ್ದರು. "ಸೋಪು ನೆಕ್ಕದ ಹಾಗೆ ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ, ಮೂಗಿಗೆ ನೀರು ಹೋಗಬಾರದು. ಒರೆಸಿ, ಬೆಚ್ಚಗೆ ಹಿಡಿದುಕೊಂಡಿರಿ. ಮಧ್ಯಾಹ್ನ ಕರಕೊಂಡು ಬನ್ನಿ. ಅದು ತಿನ್ನುತ್ತಾ ನೋಡ್ತಾ ಇರಿ. ತಿನ್ನೋದು ನಿಂತರೆ ಇವುಗಳ ಹೊಟ್ಟೆ ಕೆಲಸ ನಿಲ್ಲಿಸಿಬಿಡುತ್ತೆ."

ಅವಳು ಅದನ್ನು ತೊಳೆದು, ಒರೆಸಿ, ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕೂತಳು. ಸೊಪ್ಪಿನ ಎಲೆ ಮೂಗಿನ ಹತ್ತಿರ ಹಿಡಿದಳು. ಅದು ನೋಡಲೂ ಇಲ್ಲ. ಹುಲ್ಲಿನ ಎಳೆ ಹಿಡಿದಳು. ಇಲ್ಲ. ಅದರ ಕಣ್ಣು ಎಲ್ಲಿಯೂ ನೆಟ್ಟಿರಲಿಲ್ಲ. ಒಂದು ಮಾತು ಅವಳ ತಲೆಗೆ ಬಂದು ಹೋಗದೆ ಕೂತಿತು: ಹುಡುಗಿಗೆ ಹೇಳಬೇಕೆಂದೇನೂ ಇಲ್ಲ. ಮತ್ತೆ ಸೀನು ಜಾಸ್ತಿಯಾಯಿತು ಅಂದರೆ ಸಾಕು. ಗಂಡನ ಬಾಯಿ ಮುಚ್ಚಿಸುವುದೂ ಕಷ್ಟವಲ್ಲ. ಬಚ್ಚಲಮನೆ ಒರೆಸಿದರೆ ಆಯಿತು. ಹೇಳಿದರೆ, ಈ ಹುಡುಗಿ ಇನ್ನೆಂದೂ ಹೊಲಿಗೆ ಕೋಣೆಯ ಬಾಗಿಲಿಗೆ ಬರುವುದಿಲ್ಲ.

ಮೆಟ್ಟಿಲ ಮೇಲೆ ಗುಬ್ಬಿಯ ಹೆಜ್ಜೆ ಕೇಳಿಸಿದಾಗಲೂ ಅವಳು ಅದನ್ನು ಅವಚಿಕೊಂಡೇ ಕೂತಿದ್ದಳು.

ಹುಡುಗಿ ಬಾಗಿಲಲ್ಲೇ ನಿಂತಳು. ಇಲಿ ಕಂಡರೆ ಗೋಡೆ ಸೇರುವ ಚಿಕ್ಕಮ್ಮನ ಎದೆಯ ಮೇಲೆ ಬೆಣ್ಣೆ ಇತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಏನಾಯ್ತು?"

"ನಾನು ನೋಡದೆ ಹಾಸಿನ ಜೊತೆ ಇದನ್ನೂ ಮೆಷಿನ್ನಿಗೆ ಹಾಕಿಬಿಟ್ಟೆ. ಚೀಲದೊಳಗೆ ಇತ್ತು. ಸ್ವಲ್ಪ ಹೊತ್ತು ತಿರುಗಿತು. ಆಮೇಲೆ ತೆಗೆದೆ."

ಗುಬ್ಬಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಬ್ಯಾಗು ಇಳಿಸದೆ ನಿಂತೇ ಇದ್ದಳು. ಅಲ್ಲಿಂದಲೇ ಕೇಳಿದಳು:

"ಬೇಕಂತ ಮಾಡಿದ್ರಾ?"

"ಇಲ್ಲ."

"ನಿಮಗೆ ಇವು ಇಷ್ಟ ಇಲ್ವಲ್ಲ."

"ನನಗೆ ಇವನ್ನ ಕಂಡರೆ ಹೆದರಿಕೆ, ಗುಬ್ಬಿ. ಅದಕ್ಕೇ ಮುಖ ತಿರುಗಿಸಿ ಎತ್ತಿದೆ. ನೋಡಿ ಎತ್ತಿದ್ದರೆ ಹೀಗಾಗ್ತಿರಲಿಲ್ಲ."

ಹುಡುಗಿ ಅವಳ ಕೈ ನೋಡಿದಳು. ಬೆರಳಿನಿಂದ ರಕ್ತ ಒಸರಿ ಟವೆಲ್ಲಿನ ಮೇಲೆ ಒಣಗಿತ್ತು. ಬೆಣ್ಣೆಯನ್ನು ತೆಗೆದುಕೊಂಡಳು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಹೋದರು. ಗುಬ್ಬಿ ಆಗಾಗ ಟವೆಲ್ಲಿನೊಳಗೆ ಬೆರಳು ಹಾಕಿ ಎದೆಬಡಿತ ನೋಡುತ್ತಿದ್ದಳು. ಅವಳ ಬೆರಳು ಹೊರಗೆ ಬರುವವರೆಗೆ ಚಿಕ್ಕಮ್ಮ ಉಸಿರು ಬಿಡುತ್ತಿರಲಿಲ್ಲ. ಡಾಕ್ಟರಮ್ಮ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕಾಲು ಒಂದೊಂದಾಗಿ ಎಳೆದು ನೋಡಿದರು, ಕಿವಿಗೆ ದೀಪ ಹಿಡಿದರು. "ಎಲುಬು ಮುರಿದಿಲ್ಲ. ಎದೆ ಸದ್ಯಕ್ಕೆ ಚೆನ್ನಾಗಿದೆ. ಬಟ್ಟೆ ಸುತ್ತಿಕೊಂಡು ಇದ್ದದ್ದೇ ಕಾಪಾಡಿದೆ. ಆದರೆ ಬೆದರಿದೆ. ಬೆದರಿಕೆಯಿಂದಲೂ ಇವು ಸಾಯುತ್ತವೆ" ಎಂದು ನೀರಲ್ಲಿ ಕಲೆಸುವ ಹುಲ್ಲಿನ ಪುಡಿ, ಸೂಜಿಯಿಲ್ಲದ ಸಿರಿಂಜ್ ಕೊಟ್ಟರು.

ಸಂಜೆ ಗುಬ್ಬಿ ಹಿಡಿದಳು, ಚಿಕ್ಕಮ್ಮ ಸಿರಿಂಜಿನಿಂದ ಹನಿಹನಿಯಾಗಿ ಬಾಯಿಯ ಪಕ್ಕಕ್ಕೆ ಬಿಟ್ಟಳು. ಅರ್ಧ ಹೊರಗೆ ಸೋರಿತು. ಮತ್ತೆ ಬಿಟ್ಟಳು. ಮತ್ತೂ ಸೋರಿದಾಗ ಗುಬ್ಬಿ, "ಪಕ್ಕದ ಹಲ್ಲಿನ ಹತ್ತಿರ" ಎಂದಳು. ಮಸಿಯನ್ನು ತಂದು ಪಕ್ಕದಲ್ಲಿ ಬಿಟ್ಟರು. ಅದು ಬೆಣ್ಣೆಯ ಕಿವಿ ಮೂಸಿ, ಅಂಟಿಕೊಂಡು ಕೂತು, ತನ್ನ ಪಾಡಿಗೆ ತಾನು ಹುಲ್ಲು ಜಗಿಯತೊಡಗಿತು. ದೀಪ ಹಚ್ಚುವ ಹೊತ್ತಿಗೆ ಮಸಿಯ ಬಾಯಿಂದ ನೇತಾಡುತ್ತಿದ್ದ ಎಳೆಯ ಇನ್ನೊಂದು ತುದಿಯನ್ನು ಬೆಣ್ಣೆ ಕಚ್ಚಿತು. ಜಗಿಯಿತು. ನಿಲ್ಲಿಸಿತು. ಮತ್ತೆ ಜಗಿಯಿತು.

ಗುಬ್ಬಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಿಕ್ಕಮ್ಮನ ಭುಜಕ್ಕೇನೂ ಒರಗಲಿಲ್ಲ, ದೂರವೂ ಸರಿಯಲಿಲ್ಲ.

ಬೆಣ್ಣೆ ಬದುಕಿತು. ಚಿಕ್ಕಮ್ಮ ಆ ಚೀಲದ ಮುಚ್ಚಿದ ಬದಿಯ ಹೊಲಿಗೆ ಬಿಚ್ಚಿ ಎರಡೂ ಕಡೆ ತೆರೆದಿಟ್ಟಳು, ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುವ ಹಾಗೆ. ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ತೊಟ್ಟಿ ಬಂತು. ಒಗೆಯುವುದನ್ನು ಸಂಜೆಗೆ, ಗುಬ್ಬಿ ಮನೆಯಲ್ಲಿರುವಾಗ, ಮಾಡಿಕೊಂಡರು. ಭಯ ಮಾತ್ರ ಹೋಗಲಿಲ್ಲ. ಹಾಸನ್ನು ಬರಿಗೈಯಲ್ಲಿ ಅಂಗುಲ ಅಂಗುಲವಾಗಿ ಒತ್ತಿ ನೋಡಿ ಮೆಷಿನ್ನಿಗೆ ಹಾಕಿದ ಮೇಲೂ ಚಿಕ್ಕಮ್ಮ ಗುಂಡಿ ಒತ್ತಲಾರದೆ ನಿಲ್ಲುತ್ತಿದ್ದಳು.

"ಇಬ್ಬರೂ ಇದ್ದಾರೆ, ಚಿಕ್ಕಮ್ಮ" ಎಂದು ಗುಬ್ಬಿ ನಡುಕೋಣೆಯಿಂದ ಕೂಗುತ್ತಿದ್ದಳು.

"ಇದ್ದಾರಾ?"

"ಇದ್ದಾರೆ. ಬೇಕಾದರೆ ಬಂದು ನೋಡಿ."

ಅವಳು ಹೋಗಿ, ತೊಟ್ಟಿಯ ಮೇಲೆ ಬಗ್ಗಿ, ಎರಡನ್ನೂ ಮುಟ್ಟಿ ನೋಡಿ, ಮತ್ತೆ ಬಚ್ಚಲಮನೆಗೆ ಬಂದು ಗುಂಡಿ ಒತ್ತುತ್ತಿದ್ದಳು.