ಹೆಸರು ಸಮೇತ

ಹನುಮಂತನಗರದ ಕಾತ್ಯಾಯಿನಿ ಮೇಡಂ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಕೆಲಸದಿಂದ ಮಾತ್ರ, ಮೇಡಂತನದಿಂದ ಅಲ್ಲ. ಮಂಡಿ ಆಪರೇಷನ್ ಆಗಿ ಮೂರು ತಿಂಗಳು ಮನೆ ಹಿಡಿದಾಗ, ತಂಗಿಯ ಮಗ ಸೀನು ಅವರ ಲ್ಯಾಪ್‌ಟಾಪಿಗೆ 'ಸೆವೆನ್ ವೆಲ್ಸ್' ಎಂಬ ಆಟ ಹಾಕಿಕೊಟ್ಟ. ಪಾಳುಬಿದ್ದ ಊರೊಂದರಲ್ಲಿ ಏಳು ಬಾವಿಗಳ ಬೀಗ ಬಿಡಿಸುವ ಆಟ. ಮಂಡಿ ನೆಟ್ಟಗಾದರೂ ಆಟದ ಹುಚ್ಚು ಬಿಡಲಿಲ್ಲ. ಸೀನುವಿನ ಬೆನ್ನು ಹತ್ತಿ ಒಂದು ವೆಬ್‌ಸೈಟ್ ಮಾಡಿಸಿದರು. ಯಾವ ಬೀಗವನ್ನು ಹೇಗೆ ಬಿಡಿಸಬೇಕು ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದು ಹಾಕತೊಡಗಿದರು. ವರ್ಷ ಕಳೆಯುವುದರೊಳಗೆ ದಾವಣಗೆರೆ, ಶಹಾಪುರ, ಚಾಮರಾಜನಗರದಿಂದೆಲ್ಲ ಜನ ಬರತೊಡಗಿದರು.

ಬಂದವರನ್ನು ಸುಮ್ಮನೆ ಬಿಟ್ಟರೆ ಅದು ಮೇಡಂ ಸೈಟ್ ಹೇಗಾದೀತು? ಒಳಗೆ ಬರಬೇಕಾದರೆ ಅಡ್ಡಹೆಸರು ನಡೆಯುವುದಿಲ್ಲ. ನಿಜವಾದ ಪೂರ್ತಿ ಹೆಸರು, ಊರು ಬರೆಯಬೇಕು. ಅದರ ಮೇಲೆ ಒಂದು ಹಾಜರಿ ಪುಟ. ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದರು ಎಂಬುದೆಲ್ಲ ಅಲ್ಲಿ ಸಾಲಾಗಿ ಕಾಣುತ್ತಿತ್ತು. ನೂರು ದಿನ ತಪ್ಪದೆ ಬಂದವರಿಗೆ ಮೇಡಂ ಸಹಿ ಇರುವ ಸರ್ಟಿಫಿಕೇಟು. ಹೀಗೆ ಜನರ ಹೆಸರು, ಟೈಮು ಎಲ್ಲ ಬೀದಿಗೆ ಹಾಕಬಾರದು, ಪ್ರೈವಸಿ ಅಂತ ಒಂದಿರುತ್ತೆ ಎಂದು ಸೀನು ಮೊದಲೇ ಹೇಳಿದ್ದ. ಕ್ಲಾಸಿಗೆ ಬಂದವರು ಮುಖ ಮುಚ್ಚಿಕೊಂಡು ಕೂರುತ್ತಾರಾ ಎಂದು ಮೇಡಂ ಅವನ ಬಾಯಿ ಮುಚ್ಚಿಸಿದ್ದರು. ಇನ್ನೊಂದು ವಿಷಯವನ್ನೂ ಅವನು ಹೇಳಿದ್ದ. ಯಾರಾದರೂ ಪುಟವನ್ನು ತೆರೆದಿಟ್ಟು ಎದ್ದುಹೋದರೂ ಅರ್ಧ ಗಂಟೆಗೊಮ್ಮೆ ಹಾಜರಿ ತಾನಾಗಿ ಬೀಳುತ್ತದೆ, ಸರಿಮಾಡಲೇ ಎಂದು ಕೇಳಿದ್ದ. ಹಾಜರಿ ತುಂಬಿದಷ್ಟೂ ಮೇಡಂ ಮನಸ್ಸು ತುಂಬುತ್ತಿತ್ತು. ಆಮೇಲೆ ನೋಡೋಣ ಎಂದರು. ಆ ಆಮೇಲೆ ಬರಲೇ ಇಲ್ಲ.

ಮೇಡಂಗೆ ಮೈ ಉರಿಯುತ್ತಿದ್ದದ್ದು ಕಾಪಿ ಹೊಡೆಯುವವರನ್ನು ಕಂಡರೆ. ಯಾರೋ ಅವರ ಮೂರನೇ ಬಾವಿಯ ವಿವರಣೆಯನ್ನು ಎತ್ತಿಕೊಂಡು, ಅವರ ಹೆಸರು ಕಿತ್ತು, ತನ್ನದೆಂದು ಹಾಕಿಕೊಂಡಿದ್ದ. ಮೇಡಂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಸೈಟಿನ ಅಡಿಯಲ್ಲಿ ಒಂದು ಷರತ್ತು ಬರೆದರು: ಇಲ್ಲಿರುವುದನ್ನು ಯಾರು ಬೇಕಾದರೂ ಬಳಸಬಹುದು, ಆದರೆ ತುಂಡು ಮಾಡಬಾರದು, ತೆಗೆದುಕೊಂಡರೆ ಇಡೀ ಸೈಟನ್ನೇ, ಎಲ್ಲರ ಹೆಸರು ಸಮೇತ, ಒಂದಕ್ಷರವನ್ನೂ ಬಿಡದೆ ತೆಗೆದುಕೊಳ್ಳಬೇಕು. ಬರೆದು ಮುಗಿಸಿ, ಒಳ್ಳೆ ಪ್ರಶ್ನೆಪತ್ರಿಕೆ ತಯಾರು ಮಾಡಿದ ಸಮಾಧಾನದಲ್ಲಿ ಕಾಫಿ ಕುಡಿದರು.

ಹಾಜರಿ ಪುಟದಲ್ಲಿ ಯಾವಾಗಲೂ ಮೊದಲ ಸಾಲಿನಲ್ಲಿದ್ದವಳು ಭಾಗ್ಯಜ್ಯೋತಿ. ಲಿಂಗಸುಗೂರಿನ ಹುಡುಗಿ, ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡು, ಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ವಿಮೆ ಅರ್ಜಿಗಳನ್ನು ಪರಿಶೀಲಿಸುವ ಕೆಲಸಕ್ಕೆ ಸೇರಿದ್ದಳು. ಆರು ತಿಂಗಳಾದ ಮೇಲೆ ಕೆಲಸ ಕಾಯಂ ಆಗಬೇಕಿತ್ತು. ಬೆಳಿಗ್ಗೆ ಆಫೀಸಿಗೆ ಹೋದವಳೇ ಸೈಟನ್ನು ಒಂದು ಮೂಲೆಯಲ್ಲಿ ತೆರೆದಿಡುವಳು. ಊಟದ ಬಿಡುವಿನಲ್ಲಿ ಯಾರದಾದರೂ ಒಂದೆರಡು ಸಂದೇಹಕ್ಕೆ ಉತ್ತರ ಬರೆಯುವಳು. ಐದನೇ ಬಾವಿಯಿಂದ ಮುಂದಕ್ಕೆ ಹೆಚ್ಚುಕಮ್ಮಿ ಎಲ್ಲ ವಿವರಣೆಯೂ ಅವಳದೇ. ಮೇಡಂಗಿಂತ ಚೆನ್ನಾಗಿ ಬರೆಯುತ್ತಿದ್ದಳು, ಮೇಡಂಗೂ ಅದು ಗೊತ್ತಿತ್ತು. ಸೈಟಿಗೆ ಬರೆಯುತ್ತಿದ್ದವರು ಇವರಿಬ್ಬರೇ.

ಒಂದು ಸೋಮವಾರ ಭಾಗ್ಯಜ್ಯೋತಿ ಫೋನ್ ಮಾಡಿದಳು. ಕಾಯಂ ಮಾಡುವ ಮೊದಲು ಆಫೀಸಿನವರು ಅವಳ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದರು. ಹಾಜರಿ ಪುಟ ಸಿಕ್ಕಿತ್ತು. ಹತ್ತೂವರೆ, ಹನ್ನೊಂದು, ಹನ್ನೊಂದೂವರೆ, ಸಂಜೆಯವರೆಗೂ ಅವಳು ಆಟದ ಸೈಟಿನಲ್ಲೇ ಇದ್ದಳೆಂದು ಪ್ರಿಂಟು ತೆಗೆದು ಮುಂದೆ ಇಟ್ಟಿದ್ದರು. ಕಾತ್ಯಾಯಿನಿಯವರು ಲ್ಯಾಪ್‌ಟಾಪನ್ನು ಎಳೆದುಕೊಂಡರು. ಮಾತು ಮುಗಿಯುವ ಮೊದಲೇ ಹಾಜರಿ ಪುಟವನ್ನು ಅಳಿಸಿಹಾಕಿದರು. ಆದರೆ ಆಫೀಸಿನವರಿಗೆ ಸಿಕ್ಕಿದ್ದು ಅವರ ಸೈಟಲ್ಲ. ಜೆಪಿ ನಗರದ ಶಿವಕಿರಣ್ ಎಂಬುವನು ಆಟದ ಸೈಟುಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ ಜಾಹೀರಾತು ಹಾಕಿಕೊಳ್ಳುವವನು. ಸಿಕ್ಕಿದ್ದು ಅವನ ಬಳಿಯಿದ್ದ ನಕಲು.

ಮೇಡಂ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು. ಅವನು ತುಂಬ ಮರ್ಯಾದಸ್ಥ, ಎದುರಾಡಲಿಲ್ಲ.

"ಮೇಡಂ, ನಿಮ್ ಕಂಡೀಷನ್ ಓದ್ಕೊಂಡೇ ಹಾಕಿದ್ದು. ಒಂದಕ್ಷರಾನೂ ಬಿಟ್ಟಿಲ್ಲ. ಆ ಪೇಜ್ ತೆಗೆದಿದ್ರೆ ಆಗಲೂ ನೀವೇ ಬೈತಿದ್ರಿ."

ತೆಗೆಯುತ್ತೇನೆ ಎಂದ, ವಾರದೊಳಗೆ ತೆಗೆದ. ಅಷ್ಟರಲ್ಲಿ ಅವನಿಂದ ಇನ್ನಿಬ್ಬರು ಎತ್ತಿಕೊಂಡಾಗಿತ್ತು. ಅವರೂ ಷರತ್ತನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಆ ಸೋಮವಾರದ ಮರುದಿನವೇ ಭಾಗ್ಯಜ್ಯೋತಿ ಮತ್ತೆ ಫೋನ್ ಮಾಡಿದ್ದಳು. ಶುಕ್ರವಾರ ಮೀಟಿಂಗ್ ಇಟ್ಟಿದ್ದಾರೆ, ಸೈಟ್ ನಡೆಸುವವರಿಂದ ಏನಾದರೂ ಪತ್ರ ಇದ್ದರೆ ನೋಡುತ್ತೇವೆ ಎಂದಿದ್ದಾರೆ ಎಂದಳು.

"ಒಂದ ಒಂದು ಸಾಲು ಬರ್ದು ಕಳಸ್ರಿ ಮೇಡಂ. ಪುಟ ಸುಮ್ನ ತೆರೆದಿಟ್ರೂ ಹಾಜರಿ ಬೀಳ್ತದ ಅಂತ. ಖರೇನೂ ಅದ ಅಲ್ರಿ?"

ಖರೆಯೇ. ಕಾತ್ಯಾಯಿನಿಯವರು ಬರೆಯಲು ಕೂತರು. ಆ ಸಾಲನ್ನು ಬರೆದೂ ಬರೆದರು. ಓದಿಕೊಂಡಾಗ ಅದು ತಮ್ಮ ಹಾಜರಿ ನಂಬುವಂಥದ್ದಲ್ಲ ಎಂದು ತಾವೇ ಸಹಿ ಹಾಕಿ ಕೊಟ್ಟಂತೆ ಕಂಡಿತು. ಹಾಗಾದರೆ ಇಲ್ಲಿಯವರೆಗೆ ಕೊಟ್ಟ ಅರವತ್ತು ಸರ್ಟಿಫಿಕೇಟುಗಳ ಗತಿ? ಪತ್ರ ಎಲ್ಲಿಗಾದರೂ ಹೋಗಿ, ಯಾರಾದರೂ ಹಾಕಿ, ಜನ ಆಡಿಕೊಂಡರೆ? ಆ ಸಾಲನ್ನು ಅಳಿಸಿದರು. ಅದರ ಬದಲು ತಮಗೆ ಚೆನ್ನಾಗಿ ಬರುವುದನ್ನು ಬರೆದರು: ನಡತೆಯ ಸರ್ಟಿಫಿಕೇಟು. ಭಾಗ್ಯಜ್ಯೋತಿ ಅತ್ಯಂತ ಶ್ರದ್ಧೆಯ ಹುಡುಗಿ, ಇನ್ನೂರ ಹದಿಮೂರು ದಿನಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ, ಯಾರು ಯಾವ ಹೊತ್ತಿನಲ್ಲಿ ಸಂದೇಹ ಕೇಳಿದರೂ ಬೇಸರಿಸದೆ ಉತ್ತರಿಸಿದ್ದಾಳೆ. ಓದಿ ಕಣ್ಣು ತುಂಬಿ ಬಂತು. ಹುಡುಗಿಗೆ ಇದಕ್ಕಿಂತ ಒಳ್ಳೆಯದನ್ನು ಯಾರು ಬರೆದುಕೊಟ್ಟಾರು ಎಂದುಕೊಂಡು, ಅವಳಿಗೆ ತೋರಿಸದೆ ನೇರ ಆಫೀಸಿಗೇ ಕಳಿಸಿದರು.

ಶನಿವಾರ ಭಾಗ್ಯಜ್ಯೋತಿ ಎರಡು ಬಸ್ಸು ಬದಲಾಯಿಸಿ ಹನುಮಂತನಗರಕ್ಕೆ ಬಂದಳು. ಅವರು ಮುಖಾಮುಖಿಯಾದದ್ದು ಅದೇ ಮೊದಲು. ಮೇಡಂ ಕೂರಲು ಹೇಳಿದರು; ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ಕೆಲಸದಿಂದ ತೆಗೆದಿದ್ದರು. ಮೇಡಂ ಪತ್ರವನ್ನು ಮೀಟಿಂಗಿನಲ್ಲಿ ಜೋರಾಗಿ ಓದಿದರಂತೆ. ಯಾವ ಹೊತ್ತಿನಲ್ಲಿ ಕೇಳಿದರೂ ಎನ್ನುವಲ್ಲಿ ಯಾರೋ ನಕ್ಕರಂತೆ.

"ನಾ ಕೇಳಿದ್ದು ಒಂದ ಸಾಲ್ರಿ ಮೇಡಂ," ಎಂದಳು. ದನಿ ಏರಲಿಲ್ಲ. ಅದೇ ಮೇಡಂಗೆ ತಡೆಯಲಾಗಲಿಲ್ಲ.

ಬೇರೆ ಕಡೆ ಕೆಲಸ ಹುಡುಕುತ್ತಿದ್ದೇನೆ, ಎಲ್ಲಿ ಹೋದರೂ ಮೊದಲು ಹೆಸರು ಹಾಕಿ ನೋಡುತ್ತಾರೆ, ಅದಕ್ಕೆ ಬಂದೆ ಎಂದಳು. "ಬರೆದಿದ್ದು ಇರ್ಲಿ, ಓದೋರಿಗೆ ಉಪಯೋಗ ಆಗ್ತದ. ನನ್ನ ಹೆಸರು ಮಾತ್ರ ಎಲ್ಲೂ ಬ್ಯಾಡ್ರಿ."

ಒಂದು ಲೋಟ ನೀರನ್ನೂ ಕುಡಿಯದೆ ಹೊರಟುಹೋದಳು. ಸೀನುವನ್ನು ಕೇಳಲು ಮುಖವಿಲ್ಲದೆ ಮೇಡಂ ತಾವೇ ಲ್ಯಾಪ್‌ಟಾಪ್ ತೆಗೆದು ಕೂತರು. ಭಾಗ್ಯಜ್ಯೋತಿಯ ಹೆಸರು ಅಳಿಸಲು ಹೊರಟಾಗ, ಅವಳು ಬರೆದ ನೂರ ನಲವತ್ತು ಪುಟಗಳನ್ನು ಯಾರ ಹೆಸರಿಗೆ ಸೇರಿಸಬೇಕು ಎಂದು ಸೈಟು ಕೇಳಿತು. ಆರಿಸಿಕೊಳ್ಳಲು ಅಲ್ಲಿದ್ದದ್ದು ಒಂದೇ ಹೆಸರು, ಅವರದೇ. ಮೇಡಂ ಅದನ್ನೇ ಒತ್ತಿದರು.

ನಾಲ್ಕು ದಿನ ಕಳೆದ ಮೇಲೆ ತಿಪಟೂರಿನಿಂದ ಶಾಂತಲಾ ಎಂಬ ಹೊಸಬರೊಬ್ಬರು ಬರೆದರು. ಆರನೇ ಬಾವಿ ಬಿಡಿಸಲಾಗದೆ ಒಂದು ತಿಂಗಳು ಒದ್ದಾಡಿದ್ದರಂತೆ, ಈ ವಿವರಣೆ ಓದಿ ಹತ್ತು ನಿಮಿಷದಲ್ಲಿ ಬಿಡಿಸಿದರಂತೆ. ಇಷ್ಟು ತಿಳಿಯಾಗಿ ಬರೆದವರು ಯಾರು, ನೀವೇನಾ ಮೇಡಂ ಎಂದು ಕೇಳಿದ್ದರು.

ಅಲ್ಲ ಎಂದರೆ ಮತ್ತ್ಯಾರು ಎಂದು ಕೇಳುತ್ತಾರೆ. ಕಾತ್ಯಾಯಿನಿಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಹೌದು, ನಾನೇ ಬರೆದದ್ದು," ಎಂದು ಉತ್ತರ ಹಾಕಿದರು.