ನೀಲಿ ಬಕೆಟ್ಟು

ಬರ್ಮಾದ ಮೊನ್ಯುವಾದಿಂದ ಎರಡು ದಿನ ಬಸ್ಸಿನಲ್ಲಿ ಕೂತು ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದಿಳಿದ ಅತ್ತೆ, ಮಗನ ಫೋಟೋಗೆ ಕೈ ಮುಗಿದು, ನೇರ ಬಚ್ಚಲಿಗೆ ಹೋಗಿ ನೋಡಿದರು. ನೀಲಿ ಬಕೆಟ್ಟು ಒಂದು ಮೂಲೆಯಲ್ಲಿತ್ತು, ಕೆಂಪು ಬಕೆಟ್ಟು ಇನ್ನೊಂದು ಮೂಲೆಯಲ್ಲಿ.

"ಪರದೇಶಕ್ಕೆ ಬಂದ್ರೂ ನೀನು ಬಿಟ್ಟಿಲ್ಲ. ಅಷ್ಟು ಸಾಕು ನಂಗೆ," ಅಂದರು.

ಸೊಸೆ ನಿಲಾರ್ ಅವರ ಕೈಚೀಲವನ್ನು ಗೋಡೆಗೆ ಒರಗಿಸಿಟ್ಟಳು. ಗಂಡ ಜೇಯ ತೀರಿಕೊಂಡು ಅಂದಿಗೆ ತೊಂಬತ್ತೆಂಟು ದಿನ. ನೂರನೆಯ ದಿನ ಭಿಕ್ಷುಗಳಿಗೆ ಊಟ ಹಾಕಬೇಕೆಂದು ಅತ್ತೆ ಬಂದಿದ್ದರು.

ನೀಲಿಯಲ್ಲಿ ಅವನ ಬಟ್ಟೆ, ಕೆಂಪಿನಲ್ಲಿ ಅವಳದು. ಹೆಂಗಸು ಉಡುವ ತಮೇನ್ ಗಂಡಸಿನ ಅಂಗಿಯ ಜೊತೆ ಒಂದೇ ನೀರಿಗೆ ಬಿದ್ದರೆ ಗಂಡಸಿನ ತೇಜಸ್ಸು ಇಳಿದುಹೋಗುತ್ತದೆಂದು ಅವರ ಕಡೆ ನಂಬಿಕೆ. ಮಂಡಲೆಯಲ್ಲಿ ಭೌತಶಾಸ್ತ್ರ ಓದುವಾಗ ನಿಲಾರ್ ಗೆಳತಿಯರ ಜೊತೆ ಈ ಮಾತನ್ನು ಆಡಿಕೊಂಡು ನಕ್ಕಿದ್ದಳು. ನಕ್ಕು, ತನ್ನ ತಮೇನನ್ನು ಗಂಡಸರ ತಲೆಗಿಂತ ಕೆಳಗಿನ ತಂತಿಯ ಮೇಲೇ ಒಣಹಾಕಿದ್ದಳು.

ಜೇಯ ಬಿದ್ದದ್ದು ಮಂಗಳವಾರ. ಹಿಂದಿನ ಭಾನುವಾರ ನಲ್ಲಿಯಲ್ಲಿ ನೀರಿರಲಿಲ್ಲ. ಅವಳು ಮನೆಯಲ್ಲಿ ಉಳಿದಿದ್ದ ಇಬ್ಬರ ಬಟ್ಟೆಯನ್ನೂ ಹೊತ್ತು, ಬೀದಿಯ ಕೊನೆಯಲ್ಲಿ ನಾಣ್ಯ ಹಾಕಿ ಒಗೆಯುವ ಯಂತ್ರಗಳಿದ್ದಲ್ಲಿಗೆ ಹೋದಳು. ಖಾಲಿ ಇದ್ದದ್ದು ಒಂದೇ. ಹಿಂದೆ ಜನ ಕಾಯುತ್ತಿದ್ದರು. ಎಲ್ಲವನ್ನೂ ಅದಕ್ಕೇ ತುಂಬಿದಳು. ಗಾಜಿನ ಹಿಂದೆ ಅವಳ ತಮೇನ್ ಅವನ ಅಂಗಿಗೆ ಸುತ್ತಿಕೊಂಡು ತಿರುಗುವುದನ್ನು ನೋಡುತ್ತ ಕೂತಳು. ಅವನಿಗೆ ಹೇಳಲಿಲ್ಲ. ಅದೇ ಅಂಗಿ ತೊಟ್ಟು ಕಟ್ಟಡದ ಕೆಲಸಕ್ಕೆ ಹೋದವನು ಐದನೆಯ ಅಂತಸ್ತಿನ ಬಿದಿರಿನ ಸಾರವೆಯಿಂದ ಕೆಳಗೆ ಬಿದ್ದ.

ಆಮೇಲೆ ಅವಳು ಯಂತ್ರದ ಕಡೆ ಸುಳಿದಿಲ್ಲ. ಕೈಯಲ್ಲೇ ಒಗೆಯುತ್ತಾಳೆ. ತೊಡುವವನಿಲ್ಲದ ಬಟ್ಟೆಯನ್ನೂ ವಾರಕ್ಕೊಮ್ಮೆ ನೀಲಿ ಬಕೆಟ್ಟಿಗೆ ಹಾಕಿ ತೆಗೆಯುತ್ತಾಳೆ.

ಅತ್ತೆ ಚಾಪೆಯ ಮೇಲೆ ಕೂತು ಕಾಲು ನೀವಿಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಕೊನೇ ದಿನ ಹಾಕ್ಕೊಂಡು ಹೋದ ಅಂಗಿ ಒಗೆದಿದ್ದು ಯಾರು?"

ನಿಲಾರ್ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲಲ್ಲಿ ದಪ್ಪನೆಯ ಹೆಂಗಸೊಬ್ಬಳು ಚಪ್ಪಲಿ ಬಿಡುತ್ತಿದ್ದಳು. ಮಾರುಕಟ್ಟೆಯ ಹಿಂದೆ ಬಟ್ಟೆ ಒಗೆದುಕೊಡುವ ಅಂಗಡಿ ಇಟ್ಟಿದ್ದ ಬುವಾಲೋಯ್. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಜೇಯನ ಮನೆ ಇದೇ ತಾನೆ? ನೀನೇನಾ ಆ ಕೈ ಸುಲಿದ ಹೆಂಡ್ತಿ?" ಅವಳು ಥಾಯ್ ಭಾಷೆಯಲ್ಲಿ ಒಂದೇ ಉಸಿರಿಗೆ ಶುರು ಮಾಡಿದಳು. "ಎಂಟು ತಿಂಗಳು ವಾರ ವಾರ ಗಂಟು ತಂದು ಹಾಕೋನು ಮಾರಾಯ. ನಿಮ್ಮೋರು ಹೆಂಗಸರ ಬಟ್ಟೇನ ಗಂಡಸರದ್ರ ಜೊತೆ ಸೇರಿಸಲ್ಲ ಅಲ್ವೇನೋ, ಬೇರೆ ಡ್ರಮ್ಮಿಗೆ ಹಾಕ್ಲಾ ಅಂದೆ. 'ಒಂದಕ್ಕೇ ಹಾಕು ಅಕ್ಕ, ನಮ್ಮಮ್ಮಂಗೆ ಮಾತ್ರ ಹೇಳ್ಬೇಡ' ಅಂದ, ಕಳ್ಳ. ಶನಿವಾರ ಕೊಟ್ಟು, ಮಂಗಳವಾರ ಸಂಜೆ ಬಂದು ತಗೋತೀನಿ ಅಂದೋನು ಮೂರು ತಿಂಗಳಾದ್ರೂ ಪತ್ತೆನೇ ಇಲ್ಲ. ಎಲ್ಲಿ ಅವನು?"

"ಆ ಮಂಗಳವಾರವೇ ತೀರಿಕೊಂಡ್ರು."

ಬುವಾಲೋಯ್‌ಳ ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತು. ಆಮೇಲೆ ಅವಳು ಚೀಲವನ್ನು ನೆಲಕ್ಕಿಟ್ಟು, ಫೋಟೋ ನೋಡಿ ಕೈ ಮುಗಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ಹೋಟೆಲಿನ ಪಾತ್ರೆ ತೊಳೆಯುವ ಕೆಲಸದಲ್ಲಿ ನಿಲಾರ್ ಕೈ ಒಡೆದು ರಕ್ತ ಬರುತ್ತಿದ್ದ ಎಂಟು ತಿಂಗಳು, 'ನಂದು ನಾನು ಸೈಟಿನ ನಲ್ಲೀಲಿ ಒಗೀತೀನಿ, ನಿಂದು ಅಲ್ಲಿನ ಅಡುಗೆಯವಳು ಒಗೆದುಕೊಡ್ತಾಳೆ' ಅನ್ನುತ್ತಿದ್ದ ಜೇಯ. ಮನೆಯಲ್ಲಿ ಉಳಿದ ಒಂದೆರಡು ಬಟ್ಟೆಯನ್ನಷ್ಟೇ ಅವಳು ಒಗೆಯುತ್ತಿದ್ದಳು. ಕೊನೆಯ ವಾರ ತನ್ನ ಹಸಿರು ತಮೇನ್ ಕಾಣದಾದಾಗ, ಆ ಅಡುಗೆಯವಳೇ ಇಟ್ಟುಕೊಂಡಳೆಂದು ನಿಲಾರ್ ನಂಬಿದ್ದಳು. ಮಣ್ಣಿನ ದಿನ ಅವಳ ಮುಖ ನೋಡಿ ಮಾತೂ ಆಡಿರಲಿಲ್ಲ.

ಅತ್ತೆ ಚೀಲ ಬಿಚ್ಚಿದ್ದರು. ಅವನ ಅಂಗಿ, ಅವನ ಲುಂಗಿ. ಎರಡರ ನಡುವೆ, ಇಸ್ತ್ರಿ ಮಾಡಿ ಚಚ್ಚೌಕವಾಗಿ ಮಡಚಿದ ಹಸಿರು ತಮೇನ್.

"ಏನಂದ್ಲು ಅವಳು?"

ಅತ್ತೆಗೆ ಥಾಯ್ ಬರದು. ಅಂಗಡಿಯವಳು ಗೊತ್ತಿಲ್ಲದೆ ಬೆರೆಸಿದಳು ಅನ್ನಬಹುದಿತ್ತು. ಎಲ್ಲ ಅವನೇ ಮಾಡಿಕೊಂಡದ್ದು ಎಂದು ಹೇಳಿ ಸುಮ್ಮನಾಗಬಹುದಿತ್ತು. ನಿಲಾರ್ ಬುವಾಲೋಯ್‌ಳ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. 'ನಮ್ಮಮ್ಮಂಗೆ ಮಾತ್ರ ಹೇಳ್ಬೇಡ' ಅಂದದ್ದನ್ನೂ.

ಅತ್ತೆಯ ಕಣ್ಣು ತಮೇನಿನ ಮೇಲೇ ಇತ್ತು.

"ಕೊನೇ ಅಂಗಿ ಒಗೆದಿದ್ದು ನಾನು ಅತ್ತೆ. ಯಂತ್ರದಲ್ಲಿ. ನನ್ನ ಬಟ್ಟೆ ಜೊತೆ. ಅವರಿಗೆ ಗೊತ್ತಿರಲಿಲ್ಲ."

ಹೊರಗೆ ಯಾರೋ ಸ್ಕೂಟರ್ ಶುರು ಮಾಡಲು ಒದೆಯುತ್ತಿದ್ದರು. ಅದು ಶುರುವಾಗಿ, ದೂರ ಹೋಯಿತು.

"ಎಂಟು ತಿಂಗಳು," ಅಂದರು ಅತ್ತೆ. "ಎಂಟು ತಿಂಗಳು ಏನೂ ಆಗ್ಲಿಲ್ವಾ ಅವನಿಗೆ?"

"ಒಂದು ಸಲ ನೆಗಡಿ ಆಗಿತ್ತು."

"ಸೊಂಟಕ್ಕೆ ಹಗ್ಗ ಇರಲಿಲ್ಲ ಅಂತ ಅವತ್ತು ಫೋನಲ್ಲಿ ಯಾರೋ ಅಂದ್ರು."

"ಇರಲಿಲ್ಲ."

"ಬೇರೆಯೋರಿಗೆ?"

"ಯಾರಿಗೂ ಕೊಟ್ಟಿರಲಿಲ್ಲ."

ತೊಂಬತ್ತೆಂಟು ದಿನದಲ್ಲಿ ಈ ಮಾತನ್ನು ತಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ಎಂದು ನಿಲಾರ್‌ಗೆ ಆಗ ತಿಳಿಯಿತು. ಎತ್ತರ, ವೇಗ, ಎಲ್ಲ ಲೆಕ್ಕ ಹಾಕಲು ಬರುತ್ತಿದ್ದವಳು ಬರೀ ಅಂಗಿಯನ್ನೇ ಯೋಚಿಸಿದ್ದಳು.

ಅತ್ತೆ ಗೋಡೆ ಹಿಡಿದು ಎದ್ದರು. ತಮ್ಮ ಕೈಚೀಲದಿಂದ ಬಸ್ಸಿನಲ್ಲಿ ಮಾಸಿದ ತಮೇನ್ ತೆಗೆದರು. ಬಚ್ಚಲಿಗೆ ಹೋಗಿ ಅದನ್ನು ನೀಲಿ ಬಕೆಟ್ಟಿಗೆ ಹಾಕಿದರು.

ನಿಲಾರ್ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ಕೈತಪ್ಪಿ ಹಾಕಿದರೆಂದುಕೊಂಡು ಬಗ್ಗಿ ತೆಗೆಯಲು ಹೋದಳು. ಅತ್ತೆ ಅವಳ ಮಣಿಕಟ್ಟು ಹಿಡಿದು, ಒಡೆದ ಬೆರಳುಗಳನ್ನು ತಿರುಗಿಸಿ ನೋಡಿದರು.

"ಬಿಡು. ನಿಂದೂ ಇದ್ರೆ ತಂದು ಹಾಕು, ನಾನು ಒಗೀತೀನಿ," ಅಂದು ನಲ್ಲಿ ತಿರುಗಿಸಿದರು.